ಗಾಳಿ ಇಲ್ಲದ ಕಣದಲ್ಲಿ ರಾಶಿ ತೂರುವುದು ಹೇಗೆ?

ಕ್ಷಿಪಣಿ ತಡೆಯ ಬಗ್ಗೆ ಬರೆದಾಗಿನಿಂದ ಬೆಳಗಾವಿ ಜಿಲ್ಲೆಯ ಪತ್ರಗಳೇ ಹೆಚ್ಚು ಬಂದಿವೆ. ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಸರ, ಆಪರೇಷನ್ ಸಿಂಧೂರ ನಡದಾಗ ಟಿವಿಯವರು ಆಕಾಶ್, ಎಸ್-400 ಅಂತ ಹೇಳಿದ್ದೇ ಹೇಳಿದ್ದು. ಇಡೀ ದೇಶದ ಮ್ಯಾಲೆ ಕೊಡಿ ಹಿಡದಾರ, ನಮ್ಮೂರೂ ಅದರಾಗ ಬರತೈತಿ ಅಂತ ನಮ್ಮ ಅಂಗಡಿ ಕಟ್ಟೀ ಮಂದಿ ವಾದಾ ಮಾಡ್ತಾರ. ಖರೇ ಏನ್ರಿ?
— ಕಿರಾಣಿ ವ್ಯಾಪಾರಿ, ಬೈಲಹೊಂಗಲ

ಖರೆ ಅಲ್ಲ. ಕೊಡೆ ಅನ್ನುವ ಮಾತೇ ದಾರಿ ತಪ್ಪಿಸುತ್ತದೆ. ಇದು ಆಯ್ದ ಜಾಗಕ್ಕೆ ಹಾಕುವ ಕಾವಲು. ಆಕಾಶ್‌ನ ಕೈ ಚಾಚುವುದು 25–30 ಕಿ.ಮೀ. ಅದು ಇರುವುದು ವಿಮಾನ, ಡ್ರೋನ್‌ಗಳಂಥವನ್ನು ಹೊಡೆಯಲಿಕ್ಕೆ. ಅದರ ಯೋಜನೆಯನ್ನು ಮುನ್ನಡೆಸಿದವರು ನಮ್ಮ ಬೆಂಗಳೂರಿನ ಪ್ರಹ್ಲಾದ ರಾಮರಾವ್ ಎಂದು ಕಟ್ಟೆಯ ಮೇಲೆ ಧಾರಾಳವಾಗಿ ಹೇಳಿ, ತಪ್ಪಿಲ್ಲ. ಆದರೆ ಬ್ಯಾಲಿಸ್ಟಿಕ್ ಕ್ಷಿಪಣಿಯ ಜಾತಿಯೇ ಬೇರೆ. ಜೋಳದ ಹೊಲದ ಅಟ್ಟಣಿಗೆ ಮೇಲೆ ನಿಂತು ಹಕ್ಕಿಗೆ ಕವಣಿ ಬೀಸಿದ್ದು ನೆನಪಿಸಿಕೊಳ್ಳಿ. ಕವಣಿ ಬಿಟ್ಟ ಮೇಲೆ ಕಲ್ಲಿಗೆ ಮತ್ತೆ ಯಾರ ತಳ್ಳುವಿಕೆಯೂ ಇಲ್ಲ. ಮೇಲೇರಿ, ಬಾಗಿ, ಬೀಳುತ್ತದೆ. ಈ ಕ್ಷಿಪಣಿಯದೂ ಅದೇ ಆಟ. ಮೊದಲ ಕೆಲವು ನಿಮಿಷ ಎಂಜಿನ್ ಉರಿದು ಆರುತ್ತದೆ, ಆಮೇಲೆ ವಾತಾವರಣದ ಆಚೆ ಹೋಗಿ ಬೀಳುತ್ತದೆ. ಬೀಳುತ್ತಿರುವ ಆ ಕಲ್ಲಿಗೆ ಇನ್ನೊಂದು ಕಲ್ಲು ಹೊಡೆಯುವುದೇ ಕ್ಷಿಪಣಿ ತಡೆ.

ಕ್ಷಿಪಣಿ ತಡೆಯ ಕೆಲಸದಲ್ಲಿ ಭಾರತ ಎಲ್ಲಿಯವರೆಗೆ ಬಂದಿದೆ ಸರ್? ಕರ್ನಾಟಕದ ಪಾಲು ಏನಾದರೂ ಇದೆಯೇ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಸವದತ್ತಿ

ಇದೆ ತಂಗಿ, ಮತ್ತು ಅದು ಕಣ್ಣಿನ ಪಾಲು. ಕಣ್ಣಿಲ್ಲದೆ ಕೈ ಏನು ಮಾಡೀತು?

2006ರ ನವೆಂಬರ್ 27ರಂದು ಒಡಿಶಾ ಕರಾವಳಿಯಾಚೆ, ಶತ್ರು ಕ್ಷಿಪಣಿಯ ವೇಷ ಹಾಕಿದ್ದ ಪೃಥ್ವಿಯೊಂದನ್ನು ಸುಮಾರು 50 ಕಿ.ಮೀ. ಎತ್ತರದಲ್ಲಿ ಹೊಡೆದರು. ಮುಂದಿನ ವರ್ಷ ಡಿಸೆಂಬರ್‌ನಲ್ಲಿ ಇನ್ನೊಂದು ಬಗೆಯ ತಡೆ ಕ್ಷಿಪಣಿ 15 ಕಿ.ಮೀ. ಎತ್ತರದಲ್ಲಿ ಗುರಿ ಮುಟ್ಟಿತು. ಮೇಲೆ ತಪ್ಪಿದ್ದಕ್ಕೆ ಕೆಳಗೊಂದು ಕೈ ಇರಲಿ ಎಂದು ಈ ಎರಡು ಅಂತಸ್ತು. 2017ರಲ್ಲಿ ಎತ್ತರ ನೂರು ಕಿ.ಮೀ. ಹತ್ತಿರ ಬಂತು. ಇನ್ನೂ ದೂರದಿಂದ ಬರುವ ಕ್ಷಿಪಣಿಗಳಿಗಾಗಿ ಎಡಿ-1 ಎಂಬುದು 2022ರ ನವೆಂಬರ್‌ನಲ್ಲಿ ಮೊದಲ ಸಲ ಹಾರಿತು, 2024ರ ಜುಲೈನಲ್ಲಿ ಮತ್ತೆ. ಇವೆಲ್ಲ ಪರೀಕ್ಷೆಗಳು. ಗುರಿ ಎಲ್ಲಿಂದ ಏಳುತ್ತದೆ ಎಂಬುದು ಮೊದಲೇ ಗೊತ್ತಿದ್ದ ಪರೀಕ್ಷೆಗಳು ಎಂಬುದನ್ನು ಮರೆಯಬೇಡ.

ಈಗ ಕಣ್ಣಿನ ಮಾತು. ಸಾವಿರ ಕಿ.ಮೀ. ದೂರ ಬೀಳುವ ಕ್ಷಿಪಣಿ ಸೆಕೆಂಡಿಗೆ ಸುಮಾರು 3 ಕಿ.ಮೀ. ಓಡುತ್ತದೆ. ಕಿತ್ತೂರಿನಿಂದ ಧಾರವಾಡ ಮೂವತ್ತು ಕಿ.ಮೀ. ಆಸುಪಾಸು, ನಮ್ಮ ಕೆಂಪು ಬಸ್ಸಿಗೆ ಮುಕ್ಕಾಲು ತಾಸು, ಇದಕ್ಕೆ ಹತ್ತು ಸೆಕೆಂಡು. ಟಿಕೆಟ್ ಹರಿಯುವಷ್ಟರಲ್ಲಿ ಊರು ಬಂತು! 600 ಕಿ.ಮೀ. ದೂರದಲ್ಲೇ ಕಂಡರೂ ಕೈಗೆ ಸಿಗುವುದು ಮೂರು ನಿಮಿಷ ಚಿಲ್ಲರೆ. ಅಷ್ಟರಲ್ಲಿ ಪತ್ತೆ ಹಚ್ಚಿ, ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಿ, ಎದುರಿನದನ್ನು ಹಾರಿಸಬೇಕು. ಹಾಗೆ ದೂರದಿಂದ ನೋಡುವ ‘ಸ್ವೋರ್ಡ್‌ಫಿಶ್’ ರಾಡಾರ್‌ನ ಹಿಂದಿರುವುದು ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯ, ಎಲ್‌ಆರ್‌ಡಿಇ. ಇಸ್ರೇಲಿನ ‘ಗ್ರೀನ್ ಪೈನ್’ ರಾಡಾರ್‌ನ ತಂತ್ರಜ್ಞಾನ ಅದಕ್ಕೆ ಬುನಾದಿ.

ಟಿಪ್ಪುವಿನ ರಾಕೆಟ್‌ಗಳಿಗೆ ಆಗ ತಡೆ ಇತ್ತೇ?
— ಇತಿಹಾಸಾಸಕ್ತ, ಕಿತ್ತೂರು

ಇರಲಿಲ್ಲ, ಚದುರಿ ನಿಲ್ಲುವುದೊಂದೇ ದಾರಿ. ಅವು ನೇರ ಹೋಗುತ್ತವೆಂಬ ಭರವಸೆ ಹಾರಿಸಿದವರಿಗೂ ಇರಲಿಲ್ಲ. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹಳೇ ಬಾವಿಯಲ್ಲಿ 2018ರಲ್ಲಿ ಸಾವಿರದಷ್ಟು ಸಿಕ್ಕಿವೆ. ಶಿವಮೊಗ್ಗಕ್ಕೆ ಹೋದಾಗ ನೋಡಿ ಬನ್ನಿ.

ರೊಕ್ಕ ಸುರದ್ರ ನೂರಕ್ಕ ನೂರು ತಡಿಯೂ ಹಂಗ ಮಾಡಾಕ ಆಗೂದಿಲ್ಲೇನ್ರಿ?
— ರೈತ, ರಾಮದುರ್ಗ

ಯಜಮಾನರೇ, ನಿಮ್ಮ ಕಣದಲ್ಲೇ ಉತ್ತರ ಇದೆ. ರಾಶಿ ತೂರುವಾಗ ಗಾಳಿ ಬೀಸಿದರೆ ಕಾಳು ಕಾಲ ಬುಡಕ್ಕೆ, ಹೊಟ್ಟು-ಜೊಳ್ಳು ಆಚೆಗೆ. ಗಾಳಿ ಸತ್ತ ದಿನ? ಎರಡೂ ಕೂಡಿಯೇ ಬೀಳುತ್ತವೆ. ಕ್ಷಿಪಣಿ ಬಿಡುವವನು ಸಿಡಿತಲೆಯ ಜೊತೆಗೆ ಹಗುರ ಬಲೂನುಗಳನ್ನೂ ಚೆಲ್ಲಬಹುದು. ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ. ಟನ್ ತೂಕದ ಸಿಡಿತಲೆಯೂ ಗುಬ್ಬಿ ತೂಕದ ಬಲೂನೂ ಒಂದೇ ವೇಗದಲ್ಲಿ ಸಾಲಾಗಿ ಬರುತ್ತವೆ. ಯಾವುದು ಕಾಳು, ಯಾವುದು ಜೊಳ್ಳು? ವಾತಾವರಣಕ್ಕೆ ಇಳಿದ ಕೂಡಲೇ ಜೊಳ್ಳು ಹಿಂದೆ ಬಿದ್ದು ಗುಟ್ಟು ರಟ್ಟಾಗುತ್ತದೆ, ನಿಜ. ಆಗ ಉಳಿದಿರುವುದು ಸೆಕೆಂಡುಗಳು ಮಾತ್ರ.

ಎದುರಾಳಿಗೆ ಬಲೂನು ಅಗ್ಗ, ನಮಗೆ ತಡೆ ಕ್ಷಿಪಣಿ ತುಟ್ಟಿ. ಈ ಲೆಕ್ಕ ಅಮೆರಿಕ, ಸೋವಿಯತ್ ಒಕ್ಕೂಟಗಳಿಗೂ ಹೊಳೆದಿತ್ತು. ಒಬ್ಬ ಗುರಾಣಿ ಹಿಡಿದರೆ ಇನ್ನೊಬ್ಬ ಈಟಿ ಹೆಚ್ಚಿಸುತ್ತಾನೆ ಎಂದು 1972ರಲ್ಲಿ ಇಬ್ಬರೂ ಒಪ್ಪಂದ ಮಾಡಿಕೊಂಡು ಗುರಾಣಿಗೇ ಮಿತಿ ಹಾಕಿಕೊಂಡರು. ಅಮೆರಿಕ ಉತ್ತರ ಡಕೋಟಾದಲ್ಲಿ ಕಟ್ಟಿದ ‘ಸೇಫ್‌ಗಾರ್ಡ್’ ಎಂಬ ಕ್ಷಿಪಣಿ ತಡೆ ಕೇಂದ್ರ 1975ರಲ್ಲಿ ಸಜ್ಜಾಗಿ, ಕೆಲವೇ ತಿಂಗಳಲ್ಲಿ ಬಾಗಿಲು ಹಾಕಿತು. 2002ರಲ್ಲಿ ಅಮೆರಿಕ ಆ ಒಪ್ಪಂದದಿಂದಲೇ ಹೊರಬಂತು. ಜೊಳ್ಳಿನ ಸಮಸ್ಯೆ ಬಗೆಹರಿದು ಹೊರಬಂದದ್ದಲ್ಲ.

ಕಂಪ್ಯೂಟರ್ ಲೆಕ್ಕ ತಪ್ಪಿ ಸೈನಿಕರು ಸತ್ತರಂತೆ. ಮಕ್ಕಳಿಗೆ ಗಣಿತದ ಪಾಠದಲ್ಲಿ ಹೇಳಬಹುದೇ?
— ಪ್ರೌಢಶಾಲಾ ಶಿಕ್ಷಕಿ, ಕಿತ್ತೂರು

ಖಂಡಿತ ಹೇಳಿ ಗುರುಗಳೇ. ಕರಿಹಲಗೆಯ ಮೇಲೆ ಗುಣಿಸಿಯೇ ತೋರಿಸಿ. ಒಂದು ರೂಪಾಯಿಯನ್ನು ಮೂವರಿಗೆ ಹಂಚಿದರೆ ತಲಾ 33 ಪೈಸೆ, ಒಂದು ಪೈಸೆ ಉಳಿಯುತ್ತದೆ. ಸೊನ್ನೆ-ಒಂದುಗಳಲ್ಲಿ ಎಣಿಸುವ ಕಂಪ್ಯೂಟರಿಗೆ ಹತ್ತನೇ ಒಂದು ಅಂಥದೇ ಮುಗಿಯದ ಭಾಗಾಕಾರ. 1991ರ ಕೊಲ್ಲಿ ಯುದ್ಧದಲ್ಲಿ ಸೌದಿಯ ಧಹ್ರಾನ್‌ನಲ್ಲಿದ್ದ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ತಡೆ ವ್ಯವಸ್ಥೆ ಸಮಯವನ್ನು ಸೆಕೆಂಡಿನ ಹತ್ತನೇ ಭಾಗಗಳಲ್ಲಿ ಎಣಿಸುತ್ತಿತ್ತು. ಪ್ರತಿ ಎಣಿಕೆಗೆ 0.000000095 ಸೆಕೆಂಡು ಸೋರುತ್ತಿತ್ತು. ಯಾರ ಗಮನಕ್ಕೆ ಬಂದೀತು? ಆದರೆ ಯಂತ್ರ ಆರಿಸದೆ ನೂರು ತಾಸು ಓಡಿತ್ತು, ಅಂದರೆ 36 ಲಕ್ಷ ಎಣಿಕೆ. ಮಕ್ಕಳು ಗುಣಿಸಲಿ, 0.34 ಸೆಕೆಂಡು ಬರುತ್ತದೆ. ಇರಾಕಿನ ಸ್ಕಡ್ ಕ್ಷಿಪಣಿ ಅಷ್ಟರಲ್ಲಿ ಅರ್ಧ ಕಿ.ಮೀ.ಗೂ ಹೆಚ್ಚು ಓಡಿರುತ್ತದೆ. ರಾಡಾರ್ ಬರಿದಾದ ಆಕಾಶದತ್ತ ನೋಡಿತು. ಫೆಬ್ರವರಿ 25ರ ಆ ರಾತ್ರಿ ಸ್ಕಡ್ ಸೈನಿಕರ ವಸತಿಗೆ ಬಡಿದು 28 ಮಂದಿ ಸತ್ತರು.

ಯಂತ್ರವನ್ನು ಆಗಾಗ ಆರಿಸಿ ಹಚ್ಚಿದ್ದರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತು. ತುಂಬಾ ಹೊತ್ತು ಓಡಿಸಬೇಡಿ ಎಂಬ ಸೂಚನೆ ನಾಲ್ಕು ದಿನ ಮೊದಲೇ ಹೋಗಿತ್ತು. ತುಂಬಾ ಹೊತ್ತು ಅಂದರೆ ಎಷ್ಟು ತಾಸು ಎಂಬುದನ್ನು ಬರೆದಿರಲಿಲ್ಲ. ತಿದ್ದಿದ ತಂತ್ರಾಂಶ ಧಹ್ರಾನ್ ತಲುಪಿದ್ದು ಫೆಬ್ರವರಿ 26ಕ್ಕೆ.