ಗಾಳದ ಮೇಲಿನ ಅಂಕಿ

ನಾವು ಕಡಲ ತಡಿಯ ಹೆಂಗಸರು. ಬುಟ್ಟಿ ಹೊತ್ತು ಮೀನು ಮಾರುತ್ತೇವೆ. ನೀರು ಇಳಿದಾಗ ಚಿಪ್ಪಿ ಹೆಕ್ಕುತ್ತೇವೆ. ಬಿಡುವಾದರೆ ಅಳಿವೆಯ ದಂಡೆಯಲ್ಲಿ ಗಾಳವನ್ನೂ ಹಾಕುತ್ತೇವೆ. ಅಳಿವೆ ಅಂದರೆ ಹೊಳೆ ಕಡಲಿಗೆ ಸೇರುವ ಜಾಗ.

ಒಂದು ಸಂಜೆ ನಮ್ಮ ಗಾಳಕ್ಕೆ ದೊಡ್ಡ ಮೀನು ಬಿತ್ತು. ಕೆಂಬೇರಿಯೇ ಇರಬೇಕು. ಇಬ್ಬರು ಸೇರಿ ಎಳೆದೆವು. ಪಕ್ಕನೆ ದಾರ ಸಡಿಲಾಯಿತು. ಮೀನು ಹೋಯಿತು! ಗಾಳ ನೋಡಿದರೆ ಸೂಜಿಯ ಹಾಗೆ ನೆಟ್ಟಗಾಗಿತ್ತು. ಆ ಮೀನು ಸಿಕ್ಕಿದ್ದರೆ ಮಕ್ಕಳ ಪುಸ್ತಕದ ಖರ್ಚು ಕಳೆಯುತ್ತಿತ್ತು.

"ಎಷ್ಟು ನಂಬರಿನ ಗಾಳ ತಂದದ್ದು?" ಕೇರಿಯ ಅಜ್ಜ ಕೇಳಿದರು.

"10 ಅಂತ ಬರೆದಿತ್ತು ಅಜ್ಜ. 4ಕ್ಕಿಂತ 10 ದೊಡ್ಡದು ಅಲ್ದಾ? ಅದಕ್ಕೇ ತಂದದ್ದು."

ಅಜ್ಜ ನಕ್ಕರು. "ಅಕ್ಕಿ ಅಳೆಯುವಾಗ ಅದು ಸರಿ ಮಕ್ಳೇ. ಗಾಳದ ಲೆಕ್ಕ ಬೇರೆ."

ನಾವು ಅಂಕಿ ಓದಿದ್ದೆವು. ಅದರ ಅರ್ಥ ಗೊತ್ತಿರಲಿಲ್ಲ. ಅಜ್ಜ ಹೇಳಿದ್ದನ್ನು ಬರೆದುಕೊಂಡೆವು. ಅಕ್ಕಂದಿರೇ, ನೀವೂ ಓದಿ.

ಗಾಳ: 10, 6, 4, 2, 1. ಇಲ್ಲಿ ಅಂಕಿ ಇಳಿದಂತೆ ಗಾಳ ದೊಡ್ಡದು. ಅಂಕಿಯ ಪಕ್ಕ ಓರೆ ಗೆರೆ ಎಳೆದು ಸೊನ್ನೆ ಬರೆದಿದ್ದರೆ ಲೆಕ್ಕ ತಿರುಗುತ್ತದೆ. 1/0, 3/0, 5/0. ಇಲ್ಲಿ ಅಂಕಿ ಏರಿದಂತೆ ಗಾಳ ದೊಡ್ಡದು. ದೊಡ್ಡ ಮೀನಿಗೆ ಓರೆ ಗೆರೆಯ ಗಾಳ ಬೇಕು. ಅದು ದಪ್ಪ ಇರಲಿ, ಮೊನೆ ಚೂಪಾಗಿರಲಿ.

ದಾರ: ನೈಲಾನ್ ದಾರದ ಸುರುಳಿಯ ಮೇಲೆ ಅದು ಎಷ್ಟು ಕಿಲೋ ತಾಳುತ್ತದೆ ಎಂದು ಬರೆದಿರುತ್ತದೆ. ಗಂಟು ಹಾಕಿದ ಕಡೆ ಬಲ ಕಡಿಮೆ. ಅದಕ್ಕೆ ಗಂಟನ್ನು ಒದ್ದೆ ಮಾಡಿ ಬಿಗಿಯಬೇಕು. ಪಾಂಬೋಲ್ ಮೀನಿನ ಹಲ್ಲು ಹರಿತ. ಅದು ದಾರ ಕಡಿಯುತ್ತದೆ. ಅಂಥ ಮೀನಿದ್ದರೆ ಗಾಳದ ಹತ್ತಿರ ಗೇಣುದ್ದ ಸಣ್ಣ ತಂತಿ ಕಟ್ಟಬೇಕು.

ಸೀಸ: ತೂತಿರುವ ಸೀಸವನ್ನು ಮಣಿ ಪೋಣಿಸಿದ ಹಾಗೆ ದಾರಕ್ಕೆ ಪೋಣಿಸಬೇಕು. ಅದರ ಕೆಳಗೆ ತಿರುಗುವ ಕೊಂಡಿ ಕಟ್ಟಬೇಕು. ಕೊಂಡಿಗೆ ಎರಡು ಮೊಳ ದಪ್ಪ ದಾರ, ತುದಿಗೆ ಗಾಳ. ಮೀನು ಎಳೆದಾಗ ದಾರ ಸೀಸದೊಳಗೆ ಜಾರುತ್ತದೆ. ಮೀನಿಗೆ ಭಾರ ಬೇಗ ಗೊತ್ತಾಗುವುದಿಲ್ಲ.

ಎರೆ: ಗಾಳಕ್ಕೆ ಸಿಕ್ಕಿಸುವ ತಿಂಡಿಯೇ ಎರೆ. ಬಂಗುಡೆ ತುಂಡು, ಭೂತಾಯಿ, ಸಿಗಡಿ, ಏಡಿ ಆಗುತ್ತದೆ. ಎರೆ ತಾಜಾ ಇರಬೇಕು. ಭೂತಾಯಿ ಮೆತ್ತಗೆ. ಎಸೆದಾಗ ಕಳಚಿ ಬೀಳುತ್ತದೆ. ಹೊಲಿಗೆ ನೂಲಿನಿಂದ ಸುತ್ತಿ ಕಟ್ಟಬೇಕು. ಗಾಳದ ಮೊನೆ ಮಾತ್ರ ಹೊರಗೆ ಕಾಣಲಿ. ಆಗಾಗ ಎಳೆದು ನೋಡಬೇಕು. ಏಡಿಗಳು ಎರೆ ತಿಂದು ಬರೀ ಗಾಳ ಬಿಡುತ್ತವೆ!

ಜಾಗ: ತೆರೆ ಒಡೆದಲ್ಲಿ ನೀರು ಬೆಳ್ಳಗಿರುತ್ತದೆ. ನಡುವೆ ನೀರು ಕಪ್ಪಾಗಿ ಕಂಡರೆ ಅಲ್ಲಿ ಆಳ ಹೆಚ್ಚು. ದೊಡ್ಡ ಮೀನು ಅಲ್ಲಿಗೆ ಬರುತ್ತದೆ. ಆದರೆ ಸೆಳೆತವೂ ಅಲ್ಲೇ ಇರುತ್ತದೆ. ಎರೆ ಅಲ್ಲಿಗೆ ಹೋಗಲಿ. ನಾವು ಇಳಿಯುವುದು ಬೇಡ.

ಇನ್ನು ಮೂರು ಮಾತು ಮರೆಯಬಾರದು.

ದಾರವನ್ನು ಕೈಗೆ ಸುತ್ತಿಕೊಳ್ಳಬಾರದು. ದೊಡ್ಡ ಮೀನು ಎಳೆದರೆ ಬೆರಳು ಕತ್ತರಿಸುತ್ತದೆ. ಮರದ ತುಂಡಿಗೆ ಸುತ್ತಿ ಹಿಡಿಯಬೇಕು.

ತೊರಕೆ ಮೀನಿನ ಬಾಲದಲ್ಲಿ ವಿಷದ ಮುಳ್ಳಿದೆ. ಚುಚ್ಚಿದರೆ ತಾಳುವಷ್ಟು ಬಿಸಿ ನೀರಿನಲ್ಲಿ ಗಾಯ ಅದ್ದಬೇಕು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಮೀನಿಗೆ ಬೆಲೆ ಜಾಸ್ತಿ. ಆಸೆ ಆಗುವುದು ಸಹಜ. ಆದರೆ ಮಳೆಗಾಲದ ತೆರೆಯನ್ನು ನಂಬಬಾರದು. ಮೀನು ನಾಳೆಯೂ ಬರುತ್ತದೆ. ಹೋದ ಜೀವ ಬರುತ್ತದಾ?

ಮರುವಾರ ನಾವು ಅಂಗಡಿಗೆ ಹೋದೆವು. ಪೊಟ್ಟಣ ಕೈಗೆ ತೆಗೆದುಕೊಂಡು ನಾವೇ ಓದಿದೆವು. "ಇದು ಬೇಡ, 4/0 ಕೊಡಿ" ಅಂದೆವು. ಆ ಕೆಂಬೇರಿ ಮತ್ತೆ ಬಂದಿಲ್ಲ. ಆದರೆ ನಮ್ಮ ಗಾಳವೂ ಮತ್ತೆ ನೆಟ್ಟಗಾಗಿಲ್ಲ.

ಅಭ್ಯಾಸ

1. ಯಾವ ಗಾಳ ದೊಡ್ಡದು? 6 ಅಥವಾ 2? 1/0 ಅಥವಾ 5/0?
2. ಭೂತಾಯಿ ಎರೆಯನ್ನು ನೂಲಿನಿಂದ ಏಕೆ ಕಟ್ಟಬೇಕು?
3. ದಾರವನ್ನು ಕೈಗೆ ಸುತ್ತಿದರೆ ಏನಾಗುತ್ತದೆ?
4. ನಿಮ್ಮ ಮನೆಯಲ್ಲಿರುವ ಒಂದು ಪೊಟ್ಟಣದ ಮೇಲಿನ ಅಂಕಿ ಓದಿ. ಅದರ ಅರ್ಥ ಕೇಳಿ ತಿಳಿದು ಬರೆಯಿರಿ.