ಹುರಿ ಕಟ್ಟಿದ ದೂರದರ್ಶಕ

ಹೊಲ ಕಾಯುವವನು ಕವಣೆ ಬೀಸುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಕಲ್ಲು ವೃತ್ತದಲ್ಲಿ ಸುತ್ತಬೇಕಾದರೆ ಅದನ್ನು ಸದಾ ಒಳಕ್ಕೆ ಎಳೆಯುವ ಬಲವೊಂದು ಬೇಕು. ಅದನ್ನು ಹುರಿಯು ಒದಗಿಸುತ್ತದೆ. ಈ ತತ್ತ್ವವನ್ನೇ ಅಂತರಿಕ್ಷದ ದೂರದರ್ಶಕಕ್ಕೆ ಅನ್ವಯಿಸುವ ಬಗೆಯನ್ನು ಪರಿಶೀಲಿಸೋಣ.

ದೂರದರ್ಶಕದ ಸ್ಫುಟತೆಯು ದರ್ಪಣದ ಅಗಲವನ್ನೂ ಬೆಳಕಿನ ತರಂಗದೂರವನ್ನೂ ಅವಲಂಬಿಸಿದೆ. ನಕ್ಷತ್ರಗಳು ಹುಟ್ಟುವ ಧೂಳಿನ ಮೋಡಗಳು ಸೂಸುವ ಅವರಕ್ತ ಕಿರಣಗಳಲ್ಲಿ, ಕಾಣುವ ಬೆಳಕಿಗಿಂತ ಸುಮಾರು 200 ಪಟ್ಟು ಹೆಚ್ಚಿನ ತರಂಗದೂರವುಳ್ಳವು ಇವೆ. ಹಬಲ್ ದೂರದರ್ಶಕದ 2.4 ಮೀಟರ್ ದರ್ಪಣ ಸಾಮಾನ್ಯ ಬೆಳಕಿನಲ್ಲಿ ಕಾಣುವಷ್ಟು ಸ್ಫುಟವಾಗಿ ಇವನ್ನು ಕಾಣಲು 480 ಮೀಟರ್ ಅಗಲದ ದರ್ಪಣ ಬೇಕಾದೀತು. ಭೂಮಿಯಿಂದಲೇ ನೋಡೋಣವೆಂದರೆ ವಾಯುಮಂಡಲದ ನೀರಾವಿಯು ಈ ಕಿರಣಗಳ ಬಹುಪಾಲನ್ನು ಹೀರಿಬಿಡುತ್ತದೆ.

ಇದಕ್ಕೊಂದು ಉಪಾಯವುಂಟು. ಎರಡು ಚಿಕ್ಕ ದರ್ಪಣಗಳನ್ನು ಅಂತರಿಕ್ಷದಲ್ಲಿ ದೂರ ದೂರ ಇರಿಸಿ, ಅವು ಹಿಡಿದ ಬೆಳಕನ್ನು ನಡುವಣ ನೌಕೆಯಲ್ಲಿ ಕೂಡಿಸಿದರೆ, ವ್ಯತಿಕರಣದಿಂದ ಅಂಥ ಸ್ಫುಟತೆ ದೊರೆಯುತ್ತದೆ. ಪೂರ್ಣ ಚಿತ್ರ ಮೂಡಲು ಈ ಜೋಡಿಯು ಸುತ್ತುತ್ತಿರಬೇಕು. ಅದರ ಅಂತರವೂ ಬದಲಾಗುತ್ತಿರಬೇಕು. ಅಮೆರಿಕದ ನಾಸಾ ಸಂಸ್ಥೆಯವರು ‘ಸ್ಪೆಕ್ಸ್’ ಎಂಬ ಹೆಸರಿನಲ್ಲಿ ಸುಮಾರು 1 ಕಿಲೋಮೀಟರ್ ಅಂತರದ ಇಂಥ ಯೋಜನೆಯೊಂದನ್ನು ರೂಪಿಸಿದ್ದರು.

ಈಗ ಲೆಕ್ಕ ಹಾಕೋಣ. 1 ಕಿಲೋಮೀಟರ್ ಅಂತರದಲ್ಲಿರುವ ನೌಕೆಗಳು ಗಂಟೆಗೊಮ್ಮೆ ಸುತ್ತುತ್ತವೆಯೆನ್ನಿ. ಹುರಿಯಿಲ್ಲದಿದ್ದರೆ ಒಳಮುಖದ ಬಲವನ್ನು ರಾಕೆಟ್ಟುಗಳೇ ಎಡೆಬಿಡದೆ ಒದಗಿಸಬೇಕು. ಅನಿಲವು ಸೆಕೆಂಡಿಗೆ 3 ಕಿಲೋಮೀಟರ್ ವೇಗದಲ್ಲಿ ಹೊರಬಿದ್ದರೂ, 16 ದಿನಗಳಲ್ಲಿ ನೌಕೆಯ ತೂಕದ ಅರ್ಧದಷ್ಟು ಇಂಧನ ಉರಿದುಹೋಗುತ್ತದೆ! ಹುರಿಯಿದ್ದರೋ ಇಂಧನವೇ ಬೇಡ. 1000 ಕಿಲೋಗ್ರಾಂ ನೌಕೆಯನ್ನು ಹಿಡಿದಿಡಲು, ನೆಲದ ಮೇಲೆ ಸುಮಾರು 150 ಗ್ರಾಂ ಬೆಲ್ಲವನ್ನು ತೂಗುಹಾಕಿದ ದಾರದಲ್ಲಿರುವಷ್ಟು ಬಿಗಿಯೇ ಸಾಕು.

ಆದರೆ ಹುರಿ ಎಳೆಯಬಲ್ಲದು, ತಳ್ಳಲಾರದು. 1966ರ ಸೆಪ್ಟೆಂಬರಿನಲ್ಲಿ ಜೆಮಿನಿ-11 ನೌಕೆಯ ಕಾನ್ರಾಡ್ ಮತ್ತು ಗಾರ್ಡನ್ ತಮ್ಮ ನೌಕೆಯನ್ನು 30 ಮೀಟರ್ ಹುರಿಯಿಂದ ಅಜೀನಾ ವಾಹನಕ್ಕೆ ಬಿಗಿದು ಸುತ್ತಿಸಿದರು. ಮೊದಲು ಹುರಿಯು ಮಕ್ಕಳ ಹಗ್ಗದಾಟದ ಹಗ್ಗದಂತೆ ಬಾಗಿ ತೂಗಾಡಿತು; ಕಾನ್ರಾಡ್ ಬಹಳ ಪ್ರಯಾಸದಿಂದ ಅದನ್ನು ಬಿಗಿಗೊಳಿಸಬೇಕಾಯಿತು.

ಅಂತರವನ್ನು ಬದಲಿಸುವುದು ಇನ್ನೂ ಕಠಿಣ. ಕೋನೀಯ ಸಂವೇಗವು ಸ್ಥಿರವಾದುದರಿಂದ, ಹುರಿಯನ್ನು ಅರ್ಧಕ್ಕೆ ಸುತ್ತಿಕೊಂಡರೆ ಭ್ರಮಣವೇಗ ನಾಲ್ಕು ಪಟ್ಟಾಗುತ್ತದೆ; ಹುರಿಯ ಬಿಗಿ ಎಂಟು ಪಟ್ಟಾಗುತ್ತದೆ. ಇದಕ್ಕೆ ಪರಿಹಾರ ತ್ರಾಸಿನ ನ್ಯಾಯದಲ್ಲಿದೆ: ದರ್ಪಣಗಳು ಒಳಸರಿದಂತೆಲ್ಲ, ಬೇರೆ ಹುರಿಗಳಿಗೆ ಕಟ್ಟಿದ ಪ್ರತಿಭಾರಗಳನ್ನು ಹೊರಕ್ಕೆ ಬಿಡಬೇಕು. ಆಗ ಒಂದರ ನಷ್ಟವನ್ನು ಮತ್ತೊಂದು ತುಂಬಿ, ವೇಗವು ಸಮವಾಗಿರುತ್ತದೆ.

ಹುರಿ ಕಡಿದರೇನು ಗತಿ? ಈ ಶಂಕೆ ನಿರಾಧಾರವಲ್ಲ. 1996ರ ಫೆಬ್ರವರಿಯಲ್ಲಿ ಕೊಲಂಬಿಯ ನೌಕೆಯಿಂದ ಉಪಗ್ರಹವೊಂದನ್ನು ಸುಮಾರು 20 ಕಿಲೋಮೀಟರ್ ದೂರಕ್ಕೆ ಬಿಟ್ಟಿದ್ದಾಗ, ವಿದ್ಯುತ್ ಕಿಡಿಯಿಂದ ಹುರಿ ಸುಟ್ಟು ಕಡಿಯಿತು. ನಮ್ಮ ಲೆಕ್ಕದ ದರ್ಪಣಗಳಾದರೋ ಕವಣೆಗಲ್ಲಿನಂತೆ ಸ್ಪರ್ಶರೇಖೆಯಲ್ಲಿ ತಮ್ಮ ತಮ್ಮ ದಾರಿ ಹಿಡಿಯುವುವು. ಆದುದರಿಂದ ಇಂಥ ದೂರದರ್ಶಕದ ಭವಿಷ್ಯವು ದರ್ಪಣದ ಹೊಳಪನ್ನು ಎಷ್ಟು ಅವಲಂಬಿಸಿದೆಯೋ ಹುರಿಯ ನಂಬಿಕೆಯನ್ನೂ ಅಷ್ಟೇ ಅವಲಂಬಿಸಿದೆ.