ಕಾಂಡ ಸೀಳಿದರೆ ಕಾಣುವ ಕಾರಣ

ಆಳಂದ ತಾಲ್ಲೂಕಿನ ಮಟಕಿಯಲ್ಲಿ ಕನ್ನಡ ಪಾಠ ಹೇಳುತ್ತ ಬಂದ ನನಗೆ ಮಕ್ಕಳ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಡಿದ ಕೊರತೆ ಒಂದೇ. ಹೊಲದಲ್ಲೇ ಬೆಳೆದ ಹುಡುಗರ ಬರಹದಲ್ಲಿ ಹೊಲ ಇರುವುದಿಲ್ಲ. ‘ಕೃಷಿಯ ಮಹತ್ವ’ ಎಂದು ವಿಷಯ ಕೊಟ್ಟರೆ ಸಾಕು, ರೈತ ದೇಶದ ಬೆನ್ನೆಲುಬು ಎಂಬ ಪೀಠಿಕೆ ಬರುತ್ತದೆ. ಆಮೇಲೆ ಮಳೆ ಇಲ್ಲದೆ ಬೆಳೆ ಇಲ್ಲ, ಬೆಳೆ ಇಲ್ಲದೆ ಅನ್ನ ಇಲ್ಲ ಎಂಬ ವಿವರಣೆ, ಕೊನೆಗೆ ರೈತನನ್ನು ಗೌರವಿಸೋಣ ಎಂಬ ಉಪಸಂಹಾರ. ತಪ್ಪೇನೂ ಇಲ್ಲ. ಆದರೆ ಆ ಪುಟವನ್ನು ಕಾರವಾರದ ಹುಡುಗನೂ ಬರೆಯಬಲ್ಲ, ಮಂಡ್ಯದ ಹುಡುಗಿಯೂ ಬರೆಯಬಲ್ಲಳು. ತೊಗರಿಯ ಕಣಜ ಎನಿಸಿಕೊಂಡ ಜಿಲ್ಲೆಯ ಮಗುವೊಂದು ಇದನ್ನು ಬರೆದಿದೆ ಎನ್ನುವುದಕ್ಕೆ ಅಲ್ಲಿ ಒಂದು ಗುರುತೂ ಇರುವುದಿಲ್ಲ.

2022ರ ಕೊನೆಯಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿದ್ದು, ಕಾಯಿ ಕಟ್ಟುವ ಹೊತ್ತಿಗೆ ಹೊಲಗಳು ಒಣಗತೊಡಗಿದವು. ಮಕ್ಕಳ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ. ಅದನ್ನೇ ವಿವರಿಸಿ ಬರೆಯಿರಿ ಎಂದೆ. ‘ನೆಟೆ ರೋಗವು ಬೆಳೆಗೆ ಮಾರಕವಾಗಿದೆ, ಇದರಿಂದ ರೈತರಿಗೆ ಅಪಾರ ನಷ್ಟವಾಗಿದೆ’ ಎಂದು ಬಂತು. ಹಾಗೆ ಬರೆದಿದ್ದ ಹುಡುಗಿಯನ್ನು ಕರೆದು, ನಿಮ್ಮ ಹೊಲದಾಗ ಏನ್ ನೋಡಿದಿ ಹೇಳವ್ವ ಅಂದೆ. ಅವಳ ಬಾಯಿಂದ ಬಂದದ್ದೇ ಬೇರೆ. “ನೆಲಾ ಹಸಿ ಅದರಿ ಸರ, ಆದ್ರ ಗಿಡ ಒಣಗ್ಯಾದ. ಒಂದ ಸಾಲಿನಾಗ ಒಂದ ಗಿಡ ಹಸರ, ಬಾಜೂಕಿಂದು ಒಣಾ. ನಮ್ಮಪ್ಪ ಗಿಡ ಕಿತ್ತು ಸೀಳಿ ತೋರಿಸಿದ. ಒಳಗ ಕರೀ ಗೆರಿ ಇದ್ದವರಿ.”

ನನ್ನ ಮಟ್ಟಿಗೆ ವಿವರಣೆಯ ಪಾಠ ಶುರುವಾದದ್ದು ಅಲ್ಲಿಂದ. ನೆಲದಲ್ಲಿ ತೇವ ಇದ್ದೂ ಗಿಡ ಯಾಕೆ ಒಣಗಿತು? ಉತ್ತರ ಆ ಕಪ್ಪು ಗೆರೆಗಳಲ್ಲೇ ಇದೆ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನ ಮೂಲಕ ಒಳಹೊಕ್ಕು, ನೀರು ಮೇಲೇರುವ ನಾಳಗಳಲ್ಲೇ ಬೆಳೆದು ಅವನ್ನು ಮುಚ್ಚಿಬಿಡುತ್ತದೆ. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ, ಒಂದೇ ಹೊಲಕ್ಕೆ ಪ್ರತಿವರ್ಷ ತೊಗರಿಯನ್ನೇ ಬಿತ್ತಿದರೆ ರೋಗ ಹೆಚ್ಚುತ್ತದೆ. ನಡುವೆ ಜೋಳ ಹಾಕಿದರೆ ತಗ್ಗುತ್ತದೆ. ಟಿಎಸ್-3ಆರ್‌ನಂಥ ರೋಗ ತಡೆಯುವ ತಳಿಗಳನ್ನು ತಂದದ್ದೂ ಇದೇ ಕಾರಣಕ್ಕೆ. ಇಷ್ಟನ್ನು ನಾನು ಹೇಳಿಕೊಟ್ಟೆ ನಿಜ. ಆದರೆ ಹಸಿ ನೆಲ, ಒಣಗಿದ ಗಿಡ, ಸೀಳಿದ ಕಾಂಡದ ಕರಿ ಗೆರೆ, ಈ ಮೂರನ್ನು ಆ ಹುಡುಗಿ ಮೊದಲೇ ಕಂಡಿದ್ದಳು. ಅವು ಇಲ್ಲದಿದ್ದರೆ ನನ್ನ ಶಿಲೀಂಧ್ರದ ಮಾತು ಯಾರ ತಲೆಗೂ ಇಳಿಯುತ್ತಿರಲಿಲ್ಲ. ಅವಳು ಮತ್ತೆ ಬರೆದಾಗ ‘ಮಾರಕ’, ‘ಅಪಾರ’ ಎರಡೂ ಪದ ತಾವಾಗಿಯೇ ಬಿದ್ದುಹೋಗಿದ್ದವು.

ಮಕ್ಕಳಿಗೆ ವರ್ಣನೆ ಎಂದರೆ ಅಲಂಕಾರ. ಇದು ಅವರ ದೋಷವಲ್ಲ. ಮಹಾಕಾವ್ಯದಲ್ಲಿ ಹದಿನೆಂಟು ವರ್ಣನೆಗಳಿರಬೇಕು ಎಂದು ಬಗೆದ ಪರಂಪರೆ ನಮ್ಮದು. ಕಡಲು, ಬೆಟ್ಟ, ಪಟ್ಟಣ, ಸೂರ್ಯೋದಯ, ಚಂದ್ರೋದಯ ಎಲ್ಲವೂ ಬರಬೇಕು. ಕಾವ್ಯದಲ್ಲಿ ಅದರ ಸೊಗಸೇ ಬೇರೆ, ಅದನ್ನು ನಾನು ಪ್ರೀತಿಯಿಂದಲೇ ಪಾಠ ಮಾಡುತ್ತೇನೆ. ಆದರೆ ಎರೆಮಣ್ಣಿನ ಬಗ್ಗೆ ಬರೆಯಲು ಹೇಳಿದಾಗ ‘ಭೂತಾಯಿ ಹಸಿರು ಸೀರೆ ಉಟ್ಟು ನಗುತ್ತಾಳೆ’ ಎಂದು ಬಂದರೆ ಓದುವವನಿಗೆ ಮಣ್ಣಿನ ಬಗ್ಗೆ ಏನೂ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಎರಿ ಹೊಲ ಬಿರುಕು ಬಿಟ್ಟು, ಸಂದಿನೊಳಗೆ ಕೈ ಹೋಗುವಷ್ಟಾಗುತ್ತದೆ. ಮಳೆ ಬಿದ್ದರೆ ಅದೇ ಬಿರುಕು ಮುಚ್ಚಿಕೊಂಡು, ನಡೆದವರ ಚಪ್ಪಲಿಗೆ ಮಣ್ಣು ಗಡ್ಡೆಗಟ್ಟಿ ಅಂಟುತ್ತದೆ. ಇಷ್ಟು ಬರೆದ ಮಗುವಿಗೆ, ಈ ಮಣ್ಣಿನ ಜೇಡಿ ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ ಎಂಬುದು ತಾನೇ ಹೊಳೆಯುತ್ತದೆ. ಅಲ್ಲಿಂದ ಎರಡು ಹೆಜ್ಜೆ ಮುಂದಿಟ್ಟರೆ, ಹಿಂಗಾರಿನ ಬಿಳಿಜೋಳ ಮಳೆಯಿಲ್ಲದ ತಿಂಗಳುಗಳಲ್ಲಿ ಹೇಗೆ ತೆನೆ ಕಟ್ಟುತ್ತದೆ, ಎರಿ ನೆಲದ ಮೇಲೆ ಕಟ್ಟಿದ ಮನೆಯ ಗೋಡೆ ಯಾಕೆ ಸೀಳುತ್ತದೆ ಎಂಬುದಕ್ಕೂ ಉತ್ತರ ಸಿಗುತ್ತದೆ.

ಎಳ್ಳಮಾವಾಸ್ಯೆಯ ಪ್ರಬಂಧಗಳಲ್ಲಿ ಅಡುಗೆಯ ಪಟ್ಟಿ ತಪ್ಪದೆ ಬರುತ್ತದೆ. ಸಜ್ಜಿ ರೊಟ್ಟಿ, ಭಜ್ಜಿ, ಹೊಲದ ಸುತ್ತ ಚರಗ ಚೆಲ್ಲುವುದು. ಭಜ್ಜಿಗೆ ಅವತ್ತೇ ಯಾಕೆ ಆ ರುಚಿ ಎಂದು ಅಂಚಿನಲ್ಲಿ ಕೇಳಿ ಬರೆದರೆ, ಆ ಹೊತ್ತಿಗೆ ತೊಗರಿ, ಕಡಲೆ, ಅವರೆ ಇನ್ನೂ ಹಸಿಗಾಳು, ಆಮೇಲೆ ಒಣಗಿಬಿಡುತ್ತವೆ ಎಂಬ ಉತ್ತರ ಮನೆಯಿಂದ ಬರುತ್ತದೆ. ಪಟ್ಟಿಯಾಗಿದ್ದದ್ದು ಹಬ್ಬದ ಕಾಲವನ್ನೇ ವಿವರಿಸತೊಡಗುತ್ತದೆ.

ಎಲ್ಲ ವಿವರವೂ ಬೇಕು ಎಂದಲ್ಲ. ಎರೆಮಣ್ಣಿನ ಬಗ್ಗೆ ಬರೆಯುತ್ತ ಒಬ್ಬ ಹುಡುಗ ಎತ್ತಿನ ಕೋಡಿನ ಬಣ್ಣ, ಅಜ್ಜನ ರುಮಾಲು ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ತಂದಿದ್ದ. ಓದಿ ನನಗೆ ತುಂಬ ಖುಷಿಯಾಯಿತು. ಆದರೂ ತೆಗೆಯಲು ಹೇಳಿದೆ, ಅಜ್ಜನ ಬಗ್ಗೆಯೇ ಬೇರೆ ಬರೆಯಲು ಹೇಳಿದೆ. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬುದೇ ಕಲಿಸಲು ಕಷ್ಟವಾದ ಭಾಗ. ಈ ಸಾಲು ಇಲ್ಲದಿದ್ದರೂ ವಿಷಯ ತಿಳಿಯುತ್ತದೆಯೇ ಎಂದು ಪಕ್ಕದ ಗೆಳೆಯನಿಗೆ ಓದಿಸಿ ನೋಡುವುದು ನನಗೆ ಗೊತ್ತಿರುವ ಉಪಾಯ.

ಮಾದರಿ ಬೇಕೆಂದವರಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಬರೆದರು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರದ ಪುಸ್ತಕವಾಗಿಯೂ ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಕಥನವಾಗಿಯೂ ಓದಿಸಿಕೊಳ್ಳುತ್ತದೆ. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಲ್ಲಿ ಗಿಡದ ಎಲೆ, ಹೂವು, ವಾಸನೆ ಯಾವುದೂ ಶೃಂಗಾರಕ್ಕೆ ಬಂದದ್ದಲ್ಲ, ಗಿಡವನ್ನು ಗುರುತಿಸುವುದಕ್ಕೆ ಬಂದದ್ದು.

ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಅಂಕ ಹೋದೀತು ಎಂಬ ಅಂಜಿಕೆ ಪಾಲಕರಿಗೂ ಇದೆ, ನಮಗೂ ಇದೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಚೌಕಟ್ಟು ಹಾಗೇ ಇರಲಿ. ನಡುವಿನ ಭಾಗದಲ್ಲಿ ಹೊಲದಿಂದ ತಂದ ಎರಡು ಸಾಲಿಗೆ ಜಾಗ ಖಂಡಿತ ಇದೆ. ಬಾಯಿಪಾಠದ ಪ್ರಬಂಧದಲ್ಲಿ ಮರೆತ ಸಾಲು ಮರೆತೇ ಹೋಗುತ್ತದೆ. ಕಂಡದ್ದನ್ನು ಬರೆಯುವ ಮಗು ಅರ್ಧಕ್ಕೆ ನಿಂತದ್ದನ್ನು ನಾನು ಕಂಡದ್ದು ಕಡಿಮೆ.

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನನ್ನ ಜೊತೆಯ ಶಿಕ್ಷಕರಲ್ಲಿ ಒಂದು ವಿನಂತಿ. ಈ ಸಲ ಪ್ರಬಂಧ ತಿದ್ದುವಾಗ ಕೆಂಪು ಶಾಯಿಯಲ್ಲಿ ‘ಚೆನ್ನಾಗಿದೆ’ ಎಂದು ಬರೆಯುವ ಜಾಗದಲ್ಲಿ ‘ನೀನು ಏನು ನೋಡಿದಿ? ಅದು ಯಾಕೆ ಹಾಗಾಯ್ತು?’ ಎಂದು ಬರೆಯಿರಿ. ಮಗುವಿಗೆ ಮನೆಯಲ್ಲಿ ಕೇಳಿಕೊಂಡು ಬರಲು ಒಂದು ದಿನ ಬಿಡಿ. ಆಮೇಲೆ ಮತ್ತೊಮ್ಮೆ ಬರೆಯಲು ಹಾಳೆ ಕೊಡಿ.